ಮಿಸ್ಸಿನ ಮದುವೆಗೊಬ್ಬ ಅಪ್ಪ

ಗೂಡು ಬಿಡಿಸುವ ದಿನ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ. ರೇಷ್ಮೆಹುಳು ಗೂಡು ಕಟ್ಟಿದ ಬಿದಿರಿನ ಚಂದ್ರಂಕಿಗಳನ್ನು ಪಡಸಾಲೆಯ ಗೋಡೆಗೆ ಒರಗಿಸಿಕೊಂಡು, ಸುತ್ತ ಕೂತು, ಒಂದೊಂದೇ ಗೂಡು ಕಿತ್ತು ಮಂಕರಿಗೆ ಹಾಕಬೇಕು. ಕೈಗೆ ಕೆಲಸ, ಬಾಯಿಗೆ ಮಾತು. ಅಂಥದೊಂದು ಬೆಳಗ್ಗೆ, ನಮ್ಮ ಜೊತೆಗೇ ಚಕ್ಕಳಮಕ್ಕಳ ಹಾಕಿ ಕೂತು ಗೂಡು ಬಿಡಿಸುತ್ತಿದ್ದ ಅಮೆರಿಕದ ಹುಡುಗಿ ನಮ್ಮ ಮಾವನವರನ್ನು ಕೇಳಿದಳು:

"ಅಪ್ಪಾಜಿ, ನನ್ ಮದ್ವೇಲಿ ನೀವೇ ನನ್ನ ಕೈ ಹಿಡ್ಕಂಡು ಕರ್ಕಂಡೋಗಿ ಕೊಡ್ತೀರಾ?"

ಮಾವನ ಕೈಯಲ್ಲಿದ್ದ ಗೂಡು ಕೈಯಲ್ಲೇ ಉಳಿಯಿತು. ಅವಳ ಮುಖವನ್ನು ಒಮ್ಮೆ ನೋಡಿದರು. "ಬ್ಯಾಡ ಕಣವ್ವ" ಎಂದಷ್ಟೇ ಹೇಳಿ, ಅರ್ಧವೂ ತುಂಬದ ಮಂಕರಿಯನ್ನು ಎತ್ತಿಕೊಂಡು ಹೊರಗೆ ಹೋಗಿಬಿಟ್ಟರು.

ಹುಡುಗಿ ನನ್ನ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿತ್ತು. ಬೇಜಾರಾದರೆ ಅವಳಿಗೆ ಮೊದಲು ಕೆಂಪಾಗುತ್ತಿದ್ದದ್ದು ಕಿವಿ.

ಇದು ಅರವತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಸೀಮೆಗೆ ಅಮೆರಿಕದಿಂದ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಬರುತ್ತಿದ್ದರು. ಈ ಹುಡುಗಿ ಅಕ್ಕೂರಿನಲ್ಲಿ ಬಾಣಂತಿಯರಿಗೂ ಮಕ್ಕಳಿಗೂ ಏನು ತಿನ್ನಿಸಬೇಕು ಎಂದು ಹೇಳಿಕೊಡಲು ಬಂದವಳು. ನಮ್ಮ ಮನೆಯ ಹೊರಗಿನ ಕೋಣೆಯಲ್ಲಿದ್ದಳು. ಊರಿಗೆಲ್ಲ ಅವಳು 'ಮಿಸ್ಸು'. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಆ ಮನೆಗೆ ಸೊಸೆಯಾಗಿ ಬಂದವಳಾದ್ದರಿಂದ ಅವಳ ಇಂಗ್ಲಿಷಿಗೆ ನಾನೇ ಗತಿ ಎಂದುಕೊಂಡಿದ್ದರು. ಆದರೆ ಆರು ತಿಂಗಳಲ್ಲಿ ಅವಳು ನನಗಿಂತ ಚೆನ್ನಾಗಿ ಊರ ಕನ್ನಡ ಕಲಿತು, "ಒಸಿ ಉಪ್ಪು ಕೊಡಕ್ಕಾ" ಎಂದು ನನ್ನನ್ನೇ ಕೇಳುತ್ತಿದ್ದಳು. ಕನಕಪುರದಲ್ಲಿ ಕೋಳಿ ಸಾಕುವುದನ್ನು ಕಲಿಸಲು ಬಂದಿದ್ದ ಅವರ ಕಡೆಯ ಹುಡುಗನೊಬ್ಬನಿಗೂ ಅವಳಿಗೂ ಪ್ರೀತಿಯಾಯಿತು. ಮದುವೆಯಾದರೆ ಇಬ್ಬರನ್ನೂ ಒಂದೇ ಊರಿಗೆ ಹಾಕುತ್ತಾರಂತೆ. ಅಮೆರಿಕಕ್ಕೆ ಹೋಗಿ ಆಗೋಣವೆಂದರೆ ಕೆಲಸ ಮುಗಿಯಲು ಇನ್ನೂ ಬಹಳ ಸಮಯವಿತ್ತು. ಅವಳ ಅಪ್ಪ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು, ವಿಮಾನ ಹತ್ತುವ ಹಾಗಿರಲಿಲ್ಲ. 'ನನ್ನ ಬದಲಿಗೆ ಅಲ್ಲಿ ಯಾರಾದರೂ ಒಳ್ಳೆಯ ಮನುಷ್ಯನನ್ನು ಕೇಳಿಕೋ' ಎಂದಿದ್ದರಂತೆ. ಅವಳು ಕೇಳಿದ್ದು ನಮ್ಮ ಮಾವನನ್ನು.

"ಜಾತಿಯವರು ಏನಂತಾರೋ ಅಂತ ಹೆದರಿದರಾ?" ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಮನಸ್ಸಿಗೆ ನೋವಾದಾಗ ಮಾತ್ರ ಅವಳಿಗೆ ಇಂಗ್ಲಿಷ್ ನೆನಪಾಗುತ್ತಿತ್ತು.

ನಾನು ಅದನ್ನೇ ಕನ್ನಡಕ್ಕೆ ತಿರುಗಿಸಿ ಎಲ್ಲರ ಮುಂದಿಟ್ಟೆ. ಉತ್ತರ ಕೊಟ್ಟವರು ದೊಡ್ಡತ್ತೆ. ಅವರು ಮಾವನ ಅಕ್ಕ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ಅಡುಗೆಮನೆಯೂ ಉಳಿದ ಮನೆಯೂ ಅವರ ಮಾತಿನಂತೆಯೇ ನಡೆಯುತ್ತಿತ್ತು.

"ಜಾತಿಗೀತಿ ಏನೂ ಇಲ್ಲ ಕಣೆ. ಎಂಡ್ರು ಇಲ್ದೋನು ಎಂಗೆ ಧಾರೆ ಎರೀತಾನೆ? ಇವನ್ ಎಂಡ್ತಿ ಓಗಿ ಎಸ್ಟ್ ವರ್ಸಾಯ್ತು. ಒಂಟಿ ಕೈಲಿ ಎಣ್ ಕೊಟ್ರೆ ಆ ಎಣ್ಣಿಗೇ ಒಳ್ಳೇದಲ್ಲ ಅಂತಾರೆ. ಸ್ವಂತ ಮಗಳಿಗೇ ಎರೀಲಿಲ್ಲ ಅವನು."

ಅದು ನನಗೆ ಆಗ ನೆನಪಾಯಿತು. ನಾನು ಸೊಸೆಯಾಗಿ ಬಂದ ವರ್ಷವೇ ನನ್ನ ನಾದಿನಿಯ ಮದುವೆ ಮಾಗಡಿಯ ಕಡೆಗೆ ಆಗಿದ್ದು. ಧಾರೆಯ ಹೊತ್ತಿಗೆ ಮಾವನ ತಮ್ಮ ಚಿಕ್ಕಮಾವ, ಚಿಕ್ಕತ್ತೆ ಜೋಡಿಯಾಗಿ ನಿಂತು ಕೈನೀರು ಬಿಟ್ಟರು. ಮಾವ ಎಲ್ಲಿ ಎಂದು ನೋಡಿದರೆ ಅಡುಗೆಯವರ ಚಪ್ಪರದ ಹತ್ತಿರ ನಿಂತು, ಸೌದೆ ಒದ್ದೆ ಇದೆಯೋ ಒಣಗಿದೆಯೋ ಎಂದು ವಿಚಾರಿಸುತ್ತಿದ್ದರು. ಯಾರೂ ಅವರನ್ನು ದೂರ ಹೋಗಿ ಎನ್ನಲಿಲ್ಲ. ಅವರೇ ಹೋಗಿದ್ದರು. ನಾದಿನಿ ಕಣ್ಣಲ್ಲೇ ಅಪ್ಪನನ್ನು ಹುಡುಕುತ್ತಿದ್ದದ್ದು ಮಾತ್ರ ನನಗೆ ಕಂಡಿತ್ತು.

ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಾಗ ಮಿಸ್ಸು ಗೂಡು ಬಿಡಿಸುತ್ತಲೇ ಕೇಳಿಸಿಕೊಂಡಳು. ಆಮೇಲೆ ಮುಖ ಅರಳಿತು. ಮಡಿಲಲ್ಲಿದ್ದ ಗೂಡುಗಳನ್ನು ಮಂಕರಿಗೆ ಸುರಿದು ಹಿತ್ತಲಿಗೆ ಓಡಿದಳು. ಏನಾಗುತ್ತದೋ ಎಂದು ಹಿಂದೆಯೇ ನಾನೂ ಹೋದೆ. ಮಾವ ಕಲ್ಲಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದರು.

"ಅಪ್ಪಾಜಿ, ನಮ್ ಕಡೆ ಜೋಡಿ ಬೇಕಾಗಿಲ್ಲ. ಅಪ್ಪ ಒಬ್ನೇ ಕೊಡೋದು."

"ಒಬ್ನೇಯಾ?"

"ಒಬ್ನೇ."

"ಎಂಡ್ತಿ ಇದ್ರೂ?"

"ಇದ್ರೂ. ಅವ್ವ ಮೊದ್ಲೇ ಓಗಿ ಮುಂದಿನ್ ಬೆಂಚಲ್ಲಿ ಕೂತ್ಕಂಡಿರ್ತಾಳೆ."

ಮಾವ ಕುಡುಗೋಲು ಕೆಳಗಿಟ್ಟರು. "ಎಂಡ್ತಿ ಬದುಕಿದ್ದೂ ಬೆಂಚಲ್ಲಿ ಕೂರಿಸ್ತಾರಾ? ಅದೆಂಥ ನ್ಯಾಯವ್ವ ನಿಮ್ದು" ಎಂದರು. ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಮಾರನೆಯ ದಿನ ಗೂಡು ಕೊಡಲು ರಾಮನಗರಕ್ಕೆ ಹೋದವರು ಸಂಜೆ ತಡವಾಗಿ ಬಂದರು. ನೂಲು ತೆಗೆಯುವ ಸಾಹೇಬರ ಮನೆಯಲ್ಲಿ ಗೂಡು ಇಳಿಸಿ, ಅಲ್ಲಿಂದ ನೇರ ಚರ್ಚಿಗೆ ಹೋಗಿ ಪಾದ್ರಿಗಳನ್ನು ಕಂಡು ಬಂದಿದ್ದರಂತೆ. ಆ ಪಾದ್ರಿಗಳು ನಮ್ಮ ಸೀಮೆಯವರೇ, ಸಾದಾ ಮನುಷ್ಯರು.

"ಕೇಳ್ಕಂಡ್ ಬಂದೆ" ಎಂದರು ಮಾವ, ಕಾಲು ತೊಳೆಯುತ್ತ. "ಈವಮ್ಮ ಏಳಿದ್ದು ದಿಟ. ಆ ಪಾದ್ರಿಗೊಳ್ ಎಂಡ್ತೀನ ಕೊಟ್ಟ ಆವಮ್ಮನ ಅಪ್ಪನೂ ಎಂಡ್ರಿಲ್ದೋರೇಯಂತೆ. ಈಗ ಗಂಡ ಎಂಡ್ರಿಗೆ ಐದು ಮಕ್ಕಳು, ಎಲ್ಲಾ ಸಂದಾಕವ್ರೆ. ನಾನೇ ನೋಡ್ದೆ." ಟವೆಲಿನಿಂದ ಮುಖ ಒರೆಸಿಕೊಂಡು, "ಮುಂದಿನ್ ಬೆಳೆ ನಾಲ್ಕನೇ ಜ್ವರಕ್ಕೆ ಇಟ್ಕಳಿ ಮದ್ವೆಯ" ಎಂದರು.

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಮಲಗಿರುತ್ತದೆ. ಆ ಒಂದು ದಿನ ಮಾತ್ರ ರೇಷ್ಮೆಯವರ ಮನೆಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಎಲ್ಲಿಗಾದರೂ ಹೋಗಬಹುದು. ಅಮೆರಿಕದವರ ಮದುವೆಯ ಮುಹೂರ್ತ ನಿಶ್ಚಯವಾದದ್ದು ಹೀಗೆ.

ಆಮೇಲೆ ನಮ್ಮ ಮನೆಯಲ್ಲಿ ದಿನಾ ಒಂದೊಂದು ಪಂಚಾಯಿತಿ. ಮೊದಲನೆಯದು ಬಿಳಿ ಬಟ್ಟೆಯದು. ರಾಮನಗರದ ಬಿಳಿ ರೇಷ್ಮೆಯನ್ನೇ ತಂದು, ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ಹಿಡಿದು, ಚನ್ನಪಟ್ಟಣದ ಟೈಲರ್ ಸಾಬರ ಅಂಗಡಿಗೆ ನಾನೂ ಅವಳೂ ಹೋದೆವು. ಅವರು ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಮುಂದೆ ಸರಿ ಅದೆ ಅಮ್ಮಾ. ಹಿಂದೆ ಇಷ್ಟುದ್ದ ಯಾಕೆ? ನೆಲ ಗುಡಿಸಕ್ಕಾ?"

"ಅದು ಹಾಗೇ ಬೇಕು" ಎಂದೆ.

"ಬೇಕಾದ್ರೆ ಹೊಲೀತೀನಿ. ಆಮೇಲೆ ಕೊಳೆ ಆಯ್ತು ಅಂತ ನನ್ನ ಹತ್ರ ಬರಬಾರ್ದು."

ಬಟ್ಟೆ ಮನೆಗೆ ಬಂದಾಗ ದೊಡ್ಡತ್ತೆ ಅದನ್ನು ಬೆರಳ ತುದಿಯಿಂದ ಮುಟ್ಟಿ, ತಾವು ಉಟ್ಟ ಬಿಳಿ ಸೀರೆಯ ಸೆರಗನ್ನು ಪಕ್ಕದಲ್ಲಿ ಹಿಡಿದು ತೋರಿಸಿದರು. "ನೋಡಿದ್ಯೇನೆ, ನಂದೂ ಇದೇ ಬಣ್ಣ. ನಾವು ಗಂಡ ಓದ್ಮೇಲೆ ಉಡೋದ ಇವ್ಳು ಗಂಡ ಬರೋ ಮುಂಚೇನೇ ಉಡ್ತಾಳೆ." ಮಿಸ್ಸು ನಗುತ್ತ ಅವರ ಭುಜಕ್ಕೆ ತಲೆ ಒರಗಿಸಿದಳು. ದೊಡ್ಡತ್ತೆ ಸೋತರು. ಆದರೆ ಬಳೆಯ ವಿಷಯದಲ್ಲಿ ಬಿಟ್ಟುಕೊಡಲಿಲ್ಲ. ಅಮೆರಿಕದ ಮದುವೆಯ ಹೆಣ್ಣಿನ ಮೈಮೇಲೆ ಹಳೆಯದೊಂದು, ಹೊಸದೊಂದು, ಎರವಲಿನದೊಂದು, ನೀಲಿಯದೊಂದು ಇರಬೇಕಂತೆ. ಹಳೆಯದಕ್ಕೆ ಬಟ್ಟೆಗೆ ಚುಚ್ಚಿಕೊಳ್ಳುವ ಅವಳ ಅಜ್ಜಿಯ ಬ್ರೋಚ್ ಇತ್ತು. ಹೊಸದಕ್ಕೆ ಉಡುಪು. ಎರವಲಿಗೆ ಕಾನ್ವೆಂಟಿನಲ್ಲಿ ನಾನೇ ಕಸೂತಿ ಹಾಕಿದ್ದ ಕರವಸ್ತ್ರ ಕೊಟ್ಟೆ. ನೀಲಿಗೆ ಗಾಜಿನ ಬಳೆ ತೊಡುತ್ತೇನೆ ಎಂದಳು.

"ಮದ್ವೆ ಎಣ್ಣು ಅಸಿರು ಬಳೆ ತೊಡ್ದೆ ನೀಲಿ ತೊಟ್ರೆ ನಾನು ಬರಕಿಲ್ಲ" ಎಂದರು ದೊಡ್ಡತ್ತೆ.

ಕೊನೆಗೆ ಎರಡು ಕೈಗೂ ತುಂಬ ಹಸಿರು ಬಳೆ, ಒಂದು ಕೈಯಲ್ಲಿ ಅವುಗಳ ನಡುವೆ ಒಂದೇ ಒಂದು ನೀಲಿ ಎಂದು ಒಪ್ಪಂದವಾಯಿತು.

ಮದುವೆಯ ದಿನ ಹುಡುಗ ಹುಡುಗಿಯನ್ನು ಮೊದಲೇ ನೋಡಬಾರದು ಎಂಬುದು ಅವರ ಇನ್ನೊಂದು ಪದ್ಧತಿ. ಇದಕ್ಕೆ ಮಾತ್ರ ದೊಡ್ಡತ್ತೆ ಬಹಳ ನಕ್ಕರು. "ವಾರ ವಾರ ಬಸ್ಸಲ್ಲಿ ಜೊತೇಲೇ ಓಡಾಡ್ತವೆ. ಇವತ್ತೊಂದಿನ ನೋಡ್ಬುಟ್ರೆ ಕಣ್ಣು ಕಿತ್ತೋಯ್ತದಾ?"

ಎಲ್ಲಕ್ಕಿಂತ ಕಷ್ಟವಾದದ್ದು ಮದುವೆಯ ಹಿಂದಿನ ದಿನದ ಅಭ್ಯಾಸ. ಮರುದಿನ ಏನೇನು ನಡೆಯುತ್ತದೋ ಅದನ್ನೆಲ್ಲ ಹಿಂದಿನ ದಿನವೇ ಒಮ್ಮೆ ಮಾಡಿ ನೋಡುವುದು ಅವರ ರೂಢಿ. ನಾನೂ ಮಾವನೂ ಮಿಸ್ಸಿನ ಜೊತೆ ಚರ್ಚಿಗೆ ಹೋದೆವು. ಮಾವ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟರು. ಪಾದ್ರಿಗಳು, "ಯಜಮಾನ್ರೇ, ಬಾಗಿಲಿಂದ ಇಲ್ಲಿವರೆಗೂ ಮಗಳ ಕೈ ಹಿಡ್ಕೊಂಡು ನಿಧಾನಕ್ಕೆ ಬನ್ನಿ" ಎಂದರು. ಮಾವ ಅವಳ ಕೈ ಹಿಡಿದು, ತಲೆಯ ಮೇಲೆ ಸೊಪ್ಪಿನ ಹೊರೆ ಇದೆಯೇನೋ ಎಂಬಂತೆ ಸರಸರನೆ ಬಂದುಬಿಟ್ಟರು. ಹಿಪ್ಪುನೇರಳೆ ಸಾಲಿನಲ್ಲಿ ಅವರ ನಡಿಗೆ ಅದೇ.

"ಇನ್ನೂ ನಿಧಾನ. ಒಂದು ಹೆಜ್ಜೆ ಇಟ್ಟು ನಿಲ್ಲಿ. ಆಮೇಲೆ ಇನ್ನೊಂದು."

"ಇಂಗ್ ನಡುದ್ರೆ ಬೆಳಗಾಯ್ತದೆ ಸ್ವಾಮಿ" ಎಂದರು ಮಾವ. ಮತ್ತೆ ಬಾಗಿಲಿಗೆ ಹೋದರು. ಎರಡನೆಯ ಸಲವೂ ಅಷ್ಟೇ. ಆಗ ಮಿಸ್ಸು, "ಅಪ್ಪಾಜಿ, ಹುಳುಮನೇಲಿ ನಡೀತೀರಲ್ಲ, ಅಂಗೆ" ಎಂದಳು. ತಟ್ಟೆಗಳ ನಡುವೆ, ಹುಳು ಬೆದರದ ಹಾಗೆ ಉಸಿರು ಕಟ್ಟಿ ಅವರು ನಡೆಯುವುದನ್ನು ನಾನೂ ನೋಡಿದ್ದೆ. ಮೂರನೆಯ ಸಲ ಅದೇ ನಡಿಗೆಯಲ್ಲಿ ಬಂದರು. ಪಾದ್ರಿಗಳ ಪಕ್ಕ ನಿಂತಿದ್ದ ಮದುವೆಯ ಹುಡುಗ ಚಪ್ಪಾಳೆ ತಟ್ಟಿದ.

ಆದರೆ ಕೈ ಕೊಡುವ ಜಾಗಕ್ಕೆ ಬಂದಾಗ ಮಾವ ಅವಳ ಕೈ ಬಿಡಲಿಲ್ಲ.

"ಇದು ಮಾತ್ರ ನಾಳೇನೇಯ. ಕೊಟ್ ಮೇಲೆ ಕೊಟ್ಟಂಗೇ. ಇವತ್ತು ಕೊಟ್ಬುಟ್ಟು ನಾಳೆ ಇನ್ನೊಂದ್ ಸಲ ಕೊಡಾಕಾಯ್ತದಾ?"

ಪಾದ್ರಿಗಳು ಸ್ವಲ್ಪ ಯೋಚಿಸಿ, ಅದೂ ಸರಿಯೇ ಎಂದರು. ಆ ಭಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಭ್ಯಾಸ ಮಾಡಿದರು.

ಮದುವೆಯ ದಿನ ಮಾವ ಹೇಳಿದ ಹಾಗೆಯೇ ಹುಳುಗಳು ಜ್ವರಕ್ಕೆ ಕೂತವು. ಅರ್ಧ ಅಕ್ಕೂರು ಬಸ್ಸು ಮಾಡಿಕೊಂಡು ರಾಮನಗರಕ್ಕೆ ಹೊರಟಿತು. ನಾದಿನಿ ಹಿಂದಿನ ದಿನವೇ ಮಾಗಡಿಯಿಂದ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಅಪ್ಪ ಅಮೆರಿಕದ ಹುಡುಗಿಯನ್ನು ಕೊಡುತ್ತಾರೆಂದು ಕೇಳಿ ಅವಳು ಖುಷಿಪಟ್ಟಳೋ ಏನು ಪಟ್ಟಳೋ ನನಗೆ ತಿಳಿಯಲಿಲ್ಲ. "ಅಮೇರ್ಕಾದೋರ್ಗೆ ಆಯ್ತದೆ, ನಮಗಾಗಕಿಲ್ಲ" ಎಂದು ನಗುತ್ತಲೇ ಅಂದಳು. ಮಾವ ಕೇಳಿಸದವರ ಹಾಗೆ ಪೇಟ ಸುತ್ತಿಕೊಳ್ಳುತ್ತಿದ್ದರು.

ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ನಾನು, ನಾದಿನಿ, ಮಗು. ದೊಡ್ಡತ್ತೆ ತಮ್ಮ ಬಿಳಿ ಸೀರೆ ಯಾರ ಕಣ್ಣಿಗೂ ಬೀಳಬಾರದೆಂದು ಕೊನೆಯ ಬೆಂಚು ಹಿಡಿದಿದ್ದರು. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಶುರುವಾಯಿತು. "ವಾಲಗ ಇಲ್ವಾ?" ಎಂದು ಹಿಂದೆ ಯಾರೋ ಕೇಳಿದ್ದು ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿ ಮಾವ ಕಾಣಿಸಿಕೊಂಡರು. ಕರಿ ಕೋಟು, ಜರಿ ಅಂಚಿನ ಪಂಚೆ, ಪೇಟ, ಬರಿಗಾಲು. ಅವರ ಕೈ ಹಿಡಿದು ಬಿಳಿ ರೇಷ್ಮೆಯ ಮಿಸ್ಸು. ತೆಳು ಮುಸುಕಿನೊಳಗೆ ಅವಳ ಕಿವಿ ಕೆಂಪಾಗಿತ್ತು. ಅವತ್ತು ಬೇಜಾರಿಗಲ್ಲ. ಹಸಿರು ಬಳೆಗಳು ಒಂದೊಂದು ಹೆಜ್ಜೆಗೂ ಸದ್ದು ಮಾಡುತ್ತಿದ್ದವು. ಮಾವ ಹುಳುಮನೆಯ ನಡಿಗೆಯಲ್ಲಿ, ಎಲ್ಲಿಯೂ ತಪ್ಪದೆ, ಬಂದು ನಿಂತರು.

ಪಾದ್ರಿಗಳು ಇಂಗ್ಲಿಷಿನಲ್ಲಿ ಒಮ್ಮೆ, ಆಮೇಲೆ ಕನ್ನಡದಲ್ಲಿ ಕೇಳಿದರು: "ಈ ಹೆಣ್ಣನ್ನು ಕೊಡುವವರು ಯಾರು?"

"ನಾನು. ಅವಳ ಅಪ್ಪ ಏಳವ್ರೆ, ಅದುಕ್ಕೆ" ಎಂದರು ಮಾವ.

ಅವಳ ಕೈಯನ್ನು ಹುಡುಗನ ಕೈ ಮೇಲಿಟ್ಟು, ಎರಡನ್ನೂ ತಮ್ಮ ಅಂಗೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಂಡೇ ನಿಂತರು. ಇನ್ನು ಅವರು ಬಂದು ನಮ್ಮ ಬೆಂಚಿನಲ್ಲಿ ಕೂರಬೇಕಿತ್ತು. ಪಾದ್ರಿಗಳು ಕಣ್ಣಲ್ಲೇ ತೋರಿಸಿದರು. ಹುಡುಗ ಒಂದು ನಗೆ ನಕ್ಕ. ಮಾವ ಕದಲಲಿಲ್ಲ. ಹಾರ್ಮೋನಿಯಂ ನಿಂತುಹೋಯಿತು.

"ಅಪ್ಪಾಜಿ, ಆಯ್ತು, ಕೂತ್ಕಬೋದು" ಎಂದು ಮಿಸ್ಸು ಪಿಸುಗುಟ್ಟಿದಳು.

"ಎಂಗವ್ವ ಆಯ್ತು?" ಮಾವನಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. "ನೀರೆಲ್ಲಿ? ನೀರು ಬೀಳ್ದೆ ಕೊಟ್ಟಂಗಾಯ್ತದಾ?"

ಕೊಡುವುದೆಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ ಬಗೆ. ಹೆಣ್ಣಿನ ಅಪ್ಪ ಕೈ ಹಿಡಿದಿರಬೇಕು, ಪಕ್ಕದಲ್ಲಿ ನಿಂತು ಅವನ ಹೆಂಡತಿ ನೀರು ಬಿಡಬೇಕು. ಒಬ್ಬನೇ ಕೊಡಬಹುದು ಎಂದು ಕೇಳಿಕೊಂಡು ಬಂದಿದ್ದರೇ ಹೊರತು ನೀರಿಲ್ಲದೆ ಕೊಡಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಅಮೆರಿಕದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮೂರಿನ ಬೆಂಚುಗಳಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. "ಊಂ ಮತ್ತೆ, ನೀರು ಬ್ಯಾಡ್ವಾ" ಎಂಬ ಗುಜುಗುಜು ಎದ್ದಿತು. ಮಿಸ್ಸು ಮುಸುಕಿನೊಳಗಿಂದ ನನ್ನ ಕಡೆ ತಿರುಗಿ ನೋಡಿದಳು. ಇದು ಇಲ್ಲಿಗೇ ನಿಂತುಬಿಟ್ಟರೆ ಎಂದು ನನಗೂ ಭಯವಾಯಿತು.

ಅಷ್ಟರಲ್ಲಿ ನನ್ನ ಮಡಿಲಿಗೆ ಮಗು ಬಂದು ಬಿತ್ತು. ನಾದಿನಿ ಎದ್ದು ನಿಂತಿದ್ದಳು. ಬ್ಯಾಗಿನಿಂದ ಒಂದು ಪುಟ್ಟ ಹಿತ್ತಾಳೆ ಚೊಂಬು ತೆಗೆದಳು. ಮಗುವಿಗೆಂದು ಕಾಯಿಸಿ ಆರಿಸಿ, ಮೇಲೆ ಬಟ್ಟೆ ಕಟ್ಟಿ ತಂದಿದ್ದ ನೀರು. ಬಟ್ಟೆಯನ್ನು ಹಲ್ಲಿನಿಂದಲೇ ಬಿಚ್ಚಿಕೊಂಡು ಮುಂದೆ ಹೋಗಿ ಅಪ್ಪನ ಪಕ್ಕದಲ್ಲಿ ನಿಂತಳು. ಚಿಕ್ಕತ್ತೆ ಅವಳ ಮದುವೆಯಲ್ಲಿ ನಿಂತಿದ್ದ ಕಡೆ. ನಮ್ಮ ಅತ್ತೆ ಬದುಕಿದ್ದರೆ ನಿಲ್ಲುತ್ತಿದ್ದ ಕಡೆ.

ಮಾವ ಅವಳನ್ನು ನೋಡಿದರು. ಅವಳು ಅವರನ್ನು ನೋಡಲಿಲ್ಲ, ಚೊಂಬನ್ನೇ ನೋಡುತ್ತಿದ್ದಳು.

"ಬುಡವ್ವ" ಎಂದರು.

ಅವಳು ಸಣ್ಣ ಎಳೆಯಾಗಿ ನೀರು ಬಿಟ್ಟಳು. ಮೂರು ಕೈಗಳ ಮೇಲಿಂದ ಇಳಿದ ನೀರು ಹುಡುಗನ ಪಾಲಿಷ್ ಮಾಡಿದ ಬೂಟಿನ ಮೇಲೆ ಬೀಳುವುದನ್ನು ಕಂಡು, ಪಾದ್ರಿಗಳು ಪಕ್ಕದಲ್ಲಿದ್ದ ಕಾಣಿಕೆ ತಟ್ಟೆಯನ್ನೇ ಎತ್ತಿ ಕೆಳಗೆ ಹಿಡಿದರು. ಚೊಂಬು ಖಾಲಿಯಾಗುವವರೆಗೂ ಹಿಡಿದೇ ಇದ್ದರು.

"ಆಯ್ತಾ ಯಜಮಾನ್ರೇ?"

"ಈಗಾಯ್ತು ಸ್ವಾಮಿ. ಇನ್ ನಿಮ್ದು ನೀವು ಸುರು ಮಾಡಿ" ಎಂದು ಹೇಳಿ, ಕೈ ಬಿಟ್ಟು, ಮಗಳ ಜೊತೆ ಬಂದು ನಮ್ಮ ಬೆಂಚಿನಲ್ಲಿ ಕೂತರು. ಉಂಗುರ ತೊಡಿಸುವಾಗ ಹುಡುಗನ ಕೈ ಇನ್ನೂ ಒದ್ದೆಯಾಗಿತ್ತು. ಮಿಸ್ಸು ಮುಸುಕಿನೊಳಗೆ ನಗುತ್ತಲೂ ಅಳುತ್ತಲೂ ನನ್ನ ಕರವಸ್ತ್ರಕ್ಕೆ ಕೆಲಸ ಕೊಟ್ಟಳು.

ಹೊರಗೆ ಬಂದ ಮೇಲೆ ಎಲ್ಲ ಹಗುರವಾಯಿತು. ಮದುಮಕ್ಕಳ ಮೇಲೆ ಅಕ್ಕಿ ಎರಚುವುದು ಅವರಲ್ಲೂ ಇದೆಯೆಂದು ಕೇಳಿ ಊರಿನ ಹೆಂಗಸರು ಬಹಳ ಸಂತೋಷಪಟ್ಟಿದ್ದರು. ಆದರೆ ಅವರದು ಬರೀ ಬಿಳಿ ಅಕ್ಕಿ. ನಮ್ಮವರು ಅರಿಶಿನ ಕಲಸಿ ಸೆರಗಿನ ತುಂಬ ತಂದಿದ್ದರು. ನೀರಿನ ಪಸೆ ಇದ್ದ ಬಿಳಿ ರೇಷ್ಮೆಯ ಮೇಲೆ ಅಕ್ಷತೆ ಬಿದ್ದು, ಮಿಸ್ಸು ಒಂದು ಗಳಿಗೆಯಲ್ಲಿ ಅಲ್ಲಲ್ಲಿ ಹಳದಿಯಾದಳು. "ಈಗ ಮದ್ವೆ ಎಣ್ಣಂಗೆ ಕಂಡ್ಳು ನೋಡು" ಎಂದರು ದೊಡ್ಡತ್ತೆ.

ಆಮೇಲೆ ಅವಳು ಕೈಯಲ್ಲಿದ್ದ ಹೂಗುಚ್ಛವನ್ನು ಬೆನ್ನ ಹಿಂದಕ್ಕೆ ಎಸೆದಳು. ಹಿಡಿದವಳಿಗೆ ಮುಂದಿನ ಮದುವೆ ಎಂಬುದು ಅವರ ನಂಬಿಕೆ. ನಾನು ಇದನ್ನು ವಿವರಿಸಿ ಹೇಳಿದ್ದೇ ತಪ್ಪಾಯಿತು. ಅಪ್ಪ ಅಮ್ಮಂದಿರ ಎದುರಿಗೆ ಹಿಡಿದರೆ ಏನೆಂದುಕೊಂಡಾರು ಎಂದು ಊರಿನ ಹುಡುಗಿಯರೆಲ್ಲ ನಾಚಿ ಎರಡು ಕಡೆಗೂ ಸರಿದುಬಿಟ್ಟರು. ಹೂವು ನೇರ ಹೋಗಿ, ಮೆಟ್ಟಿಲ ಮೇಲೆ ಕೂತು ಕುಟ್ಟಿದ ಎಲೆ ಅಡಿಕೆ ಮೆಲ್ಲುತ್ತಿದ್ದ ದೊಡ್ಡತ್ತೆಯ ಮಡಿಲಿಗೆ ಬಿತ್ತು.

ದೊಡ್ಡತ್ತೆ ಹೂವನ್ನು ಮೂಸಿ ನೋಡಿ, "ಗಂಡು ಯಾವೂರಂತೆ? ಬಾಯಲ್ಲಿ ಹಲ್ಲಿದ್ರೆ ಒಪ್ಕಳ್ಳಿ, ಇಲ್ದಿದ್ರೆ ಬ್ಯಾಡ" ಎಂದು ತಮ್ಮ ಬೊಚ್ಚು ಬಾಯಿ ತೋರಿಸಿದರು. ಪಾದ್ರಿಗಳೂ ನಕ್ಕರು.

ಚರ್ಚಿನ ಪಕ್ಕದ ಮರದ ಕೆಳಗೆ ಮೇಜು ಹಾಕಿ ಕೇಕು ಇಟ್ಟಿದ್ದರು. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದದ್ದರಿಂದ ಒಂದು ಕಡೆಗೆ ವಾಲಿತ್ತು. ಅದರ ಮೇಲಿನ ಅಂತಸ್ತನ್ನು ತಿನ್ನದೆ ಒಂದು ವರ್ಷ ಇಡುತ್ತಾರೆ ಎಂದು ಕೇಳಿ ನಮ್ಮವರೆಲ್ಲ ಇರುವೆಯ ಚಿಂತೆ ಮಾಡುತ್ತಿದ್ದರು. ನಾದಿನಿ ಒಂದು ತುಂಡು ಕೇಕನ್ನು ಬಾಳೆಲೆಯ ಚೂರಿನಲ್ಲಿ ಹಾಕಿಕೊಂಡು ಮಾವನ ಹತ್ತಿರ ತಂದಳು. ಅವರು ಬೇರೆಯಾಗಿ ಒಂದು ಕಲ್ಲಿನ ಮೇಲೆ ಪೇಟ ತೆಗೆದು ಕೂತಿದ್ದರು. ನಾನೂ ಹಿಂದೆಯೇ ಹೋಗಿ ನೋಡಿದಾಗ ಅವರ ತುಟಿ ಒಣಗಿತ್ತು.

"ಬೆಳಗ್ಗಿಂದ ಏನೂ ತಿಂದಿಲ್ವಾ ಅಪ್ಪಾಜಿ?" ಎಂದಳು ನಾದಿನಿ.

"ಧಾರೆ ಎರಿಯೋನು ಎರಿಯಗಂಟ ಏನೂ ಬಾಯಿಗಾಕಬಾರ್ದು ಕಣವ್ವ."

"ಸರಿ, ತಿನ್ನು. ಮೊಟ್ಟೆ ಹಾಕವ್ರಂತೆ, ನೀನೇನ್ ಮೊಟ್ಟೆ ಬುಟ್ಟೋನಲ್ಲ."

ಮಾವ ಕೇಕನ್ನು ಮುರಿದು ಸ್ವಲ್ಪ ಬಾಯಿಗೆ ಹಾಕಿಕೊಂಡರು. ಎಲೆಯ ಮೇಲೆ ಬಿದ್ದ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡುತ್ತ, ತಲೆ ಎತ್ತದೆ ಹೇಳಿದರು:

"ನಿನ್ ಮದ್ವೆ ದಿನಾನೂ ಉಪಾಸ ಇದ್ದೆ."

ಖಾಲಿ ಚೊಂಬು ಇನ್ನೂ ನಾದಿನಿಯ ಕಂಕುಳಲ್ಲೇ ಇತ್ತು. ಅದನ್ನು ನನ್ನ ಕೈಗೆ ಕೊಟ್ಟು ಮೇಜಿನ ಕಡೆ ಹೋದಳು. ಅಲ್ಲಿ ಯಾರದೋ ಕೈಯಿಂದ ಚಾಕು ಕಿತ್ತುಕೊಂಡು, ಅಮೆರಿಕದವರು ನೋಡುತ್ತಿದ್ದ ಹಾಗೇ ಅಂಗೈ ಅಗಲದ ಒಂದು ತುಂಡನ್ನು ಕತ್ತರಿಸಿ ತಂದು, ಅಪ್ಪನ ಎಲೆಯ ಮೇಲೆ ಇಟ್ಟಳು.

"ಹಂಗಾದ್ರೆ ಅವತ್ತಿಂದೂ ಸೇರ್ಸಿ ತಿನ್ನು" ಎಂದು ಗದರಿಸಿ, ಅದೇ ಕಲ್ಲಿನ ಮೇಲೆ ಅವರನ್ನು ಒಂದಿಷ್ಟು ಆಚೆಗೆ ತಳ್ಳಿ ಪಕ್ಕದಲ್ಲಿ ಕೂತಳು. ಮಾವ ಪೂರ್ತಿ ತಿಂದರು.